ಬಾರದ ಗಾಡಿಯ ತೂಕ: ಮುಚ್ಚಿದ ಯಂತ್ರದ ಉತ್ತರ

“ಕಳ್ಳನ್ನ ಆಮ್ಯಾಲ ಹಿಡೀರಂತ ಜಮಾದಾರ್ರೇ, ಮೊದಲ ಆ ಹುಡುಗಿಗಿ ಕುರ್ಚಿ ಬಿಡ್ರಿ,” ಎಂದರು ಮ್ಯಾನೇಜರ್ ಬಸವಂತರಾಯರು.

ಹಣಮಂತರಾಯ ಎದ್ದರು. ಎದ್ದದ್ದೇನೋ ಖರೆ, ಆದರೆ ಏಳುವಾಗ ಮೊಣಕಾಲಿನ ಜೊತೆಗೆ ಮನಸ್ಸೂ ಕಟಕ್ಕೆಂದಿತು. ಅಫಜಲಪುರ ರಸ್ತೆಯ ಆ ಸಕ್ಕರೆ ಕಾರ್ಖಾನೆಯ ಕಂಪ್ಯೂಟರ್ ಕೋಣೆಯಲ್ಲಿ ಇದ್ದದ್ದು ಒಂದೇ ಒಂದು ಮೆತ್ತನೆಯ ಕುರ್ಚಿ. ತಪಾಸಣೆಗೆ ಬಂದ ದಿನದಿಂದ ಅದರ ಮೇಲೆ ಕುಳಿತೂ ಕುಳಿತೂ ಅದು ತಮ್ಮ ಹಕ್ಕಿನದೇ ಎಂಬ ಭಾವನೆ ಅವರಿಗೆ ಬಂದುಬಿಟ್ಟಿತ್ತು.

“ನೀವ ಕೂಡ್ರಿ ಕಾಕಾ. ನಾ ನಿಂತೇ ಮಾಡ್ತೇನಿ,” ಎಂದಳು ನಜಮುನ್ನಿಸಾ.

“ಕೂಡ ಬೇ, ಕೂಡ. ಸಾಹೇಬ್ರೇ ಹೇಳ್ಯಾರಲ್ಲ.”

ಆಕೆ ಕುಳಿತಳು. ಅಷ್ಟರಲ್ಲಿ ಚಹಾ ಬಂತು. ಆಕೆಗೆ ಬಸಿಯ ಮೇಲೆ ಕಪ್ಪು, ಬದಿಗೆ ಎರಡು ಬಿಸ್ಕೀಟು. ಹಣಮಂತರಾಯರಿಗೆ ಎಂದಿನ ಗಾಜಿನ ಗ್ಲಾಸು. ನಿನ್ನೆಯವರೆಗೆ ಆ ಗ್ಲಾಸಿನಲ್ಲಿ ಅವರಿಗೆ ಯಾವ ಕೊರತೆಯೂ ಕಂಡಿರಲಿಲ್ಲ.

ಕಾಕಾ ಎನ್ನುವುದು ಬರೀ ಬಾಯಿಮಾತಲ್ಲ. ನಜಮುನ್ನಿಸಾಳ ತಂದೆ ಲಾಡ್ಲೆಸಾಬ ಮತ್ತು ಹಣಮಂತರಾಯ ಜೇವರ್ಗಿ ಠಾಣೆಯಲ್ಲಿ ಒಟ್ಟಿಗೇ ನೌಕರಿ ಮಾಡಿದವರು, ಪೊಲೀಸ್ ಲೈನಿನಲ್ಲಿ ಗೋಡೆಗೆ ಗೋಡೆ ಹಚ್ಚಿದ ಮನೆಗಳಲ್ಲಿದ್ದವರು. ಈ ಹುಡುಗಿ ಅವರ ಹೆಗಲ ಮೇಲೆ ಕುಳಿತು ಭೀಮಾ ಹೊಳೆಯ ಮಹಾಪೂರ ನೋಡಿದ್ದಾಳೆ. ಈಗ ಗುಲಬರ್ಗಾದ ಕಂಪ್ಯೂಟರ್ ಕಂಪನಿಯಲ್ಲಿ ಇಂಜಿನಿಯರು. ಇಲ್ಲಿಯ ಯುನಿಕ್ಸ್ ಯಂತ್ರಗಳನ್ನು ಮಾರಿದ್ದು ಅದೇ ಕಂಪನಿ.

ಹಣಮಂತರಾಯರದೋ ಬೇರೆಯೇ ದಾರಿ. ಪಿಂಚಣಿ ತೆಗೆದುಕೊಂಡ ಮೇಲೂ ಕೈ ಸುಮ್ಮನಿರದೆ ಖಾಸಗಿ ತಪಾಸಣೆ ಹಿಡಿದರು. ನರೋಣಾದ ಬಾವಿಯಿಂದ ಮಾಯವಾದ ಪಂಪನ್ನು ಹುಡುಕಿಕೊಟ್ಟದ್ದು ಅವರು. ಇಜೇರಿಯ ಗೌಡರ ಮನೆಯಲ್ಲಿ ಬೆಳ್ಳಿ ತಂಬಿಗೆ ಕದ್ದವನನ್ನು ಅವನು ಅಡಿಕೆ ಕಡಿಯುವ ಸದ್ದಿನಿಂದಲೇ ಗುರುತು ಹಿಡಿದದ್ದೂ ಅವರೇ. ಆಳಂದದಿಂದ ಜೇವರ್ಗಿವರೆಗೆ ಬಸ್ಸಿನಲ್ಲಿ ಅವರು ಹತ್ತಿದರೆ ಕಂಡಕ್ಟರು ಸೀಟು ಬಿಡಿಸುತ್ತಾನೆ. ಇಲ್ಲಿ ಮಾತ್ರ ಸೀಟು ಹೋಯಿತು.

ಕಾಂಟಾ ಏರದ ಗಾಡಿಗಳ ಕಬ್ಬಿನ ತೂಕ ಕಂಪ್ಯೂಟರಿನಲ್ಲಿ ಹೇಗೆ ಕೂಡುತ್ತದೆ, ಬಾರದ ಕಬ್ಬಿಗೆ ಕಾರ್ಖಾನೆಯ ಹಣ ಹೇಗೆ ಹೋಗುತ್ತದೆ ಎಂಬುದಕ್ಕೆ ಅವರು ನಿನ್ನೆಯೇ ಎಲ್ಲರೆದುರು ಉತ್ತರ ಕೊಟ್ಟಿದ್ದರು: ಗೇಟಿನ ಬಳಿ ಗಾಡಿ ತೂಗುವ ಕಾಂಟಾದ ಆಪರೇಟರು ಮೌಲಾಲಿ. ಸುಳ್ಳು ತೂಕ ಬಂದದ್ದೆಲ್ಲ ಕಾಂಟಾದ ಯಂತ್ರದಿಂದ. ಆ ಯಂತ್ರದ ಮುಂದೆ ಕೂಡುವವನು ಅವನೊಬ್ಬನೇ. ಇನ್ನೇನು ಬೇಕು? ಅಫಜಲಪುರ ಠಾಣೆಯಿಂದ ಫೌಜದಾರರೂ ಇವತ್ತು ಬರುವವರಿದ್ದರು.

ಅಂಥದರಲ್ಲಿ ಬಸವಂತರಾಯರು ಗುಲಬರ್ಗಾಕ್ಕೆ ಫೋನು ಹಚ್ಚಿ ಈ ಹುಡುಗಿಯನ್ನು ಕರೆಸಿದ್ದೇಕೆ?

“ಯಾಕ್ರಿ ಸಾಹೇಬ್ರೇ, ನನ್ನ ಮಾತಿನ ಮ್ಯಾಲ ಭರೋಸಾ ಹೋತೇನು?” ಎಂದು ನಗುತ್ತಲೇ ಕೇಳಿದರು.

“ಛೆ ಛೆ, ಹಂಗಲ್ರಿ. ಡೈರೆಕ್ಟರ್ ಮಂದಿ ಕೇಳಿದ್ರ ಕಂಪನಿಯವರೂ ನೋಡ್ಯಾರ ಅಂತ ಹೇಳಬೇಕಲ್ಲ? ನೀವೂ ನೋಡ್ರಿ, ಆಕಿನೂ ನೋಡ್ಲಿ.”

ಇಷ್ಟು ಹೇಳಿ ಬಸವಂತರಾಯರು ಅಲ್ಲೇ ಸ್ಟೂಲಿನ ಮೇಲೆ ಕುಳಿತರು, ಆಟ ನೋಡುವವರ ಹಾಗೆ. ಕಂಪ್ಯೂಟರ್ ಕೋಣೆಯ ಆಪರೇಟರು ಸುಮಿತ್ರಾಬಾಯಿ ಆಗಲೇ ನಜಮುನ್ನಿಸಾಳ ಹೆಗಲ ಹಿಂದೆ ನಿಂತು ಬಿಟ್ಟಕಣ್ಣಿನಿಂದ ನೋಡುತ್ತಿದ್ದಳು. ‘ಜಮಾದಾರ ಸಾಹೇಬ್ರ ತಲಿ ಅಂದ್ರ ತಲಿ’ ಎಂದು ನಿನ್ನೆ ಹೊಗಳಿದ ಬಾಯಿ ಇದೇ.

“ಕಾಕಾ, ಈ ಕರೀ ಕೇಬಲ್ ನೋಡ್ರಿ,” ಎಂದಳು ನಜಮುನ್ನಿಸಾ. ಬೆರಳು ದಪ್ಪದ ತಂತಿಯೊಂದು ಕಿಟಕಿಯಿಂದ ಒಳಗೆ ಬಂದು, ಮೇಜಿನ ಯಂತ್ರಕ್ಕೆ ಒಂದು ಗಂಟು ಹಾಕಿ, ಆಚೆ ಗೋಡೆಯ ತೂತಿನಿಂದ ಮುಂದೆ ಹೋಗಿತ್ತು. “ಇದು ಓಣಿ ಇದ್ದಂಗ. ಗೇಟಿನ ಕಾಂಟಾದಿಂದ ಹೊಂಟು, ಕಬ್ಬಿನ ಆಫೀಸಿನ ಒಳಗ ಹಾದು, ಇಲ್ಲಿ ಬಂದು, ಹಂಗೇ ಮುಂದ ಹೋಗೇದ. ಒಂದೊಂದು ಕಂಪ್ಯೂಟರ್ ಒಂದೊಂದು ಮನಿ. ಮನಿಗಿ ಒಂದು ನಂಬರ. ಎಲ್ಲಾ ತೂಕದ ಲೆಕ್ಕ ಇಡೂದು ಈ ಮೇಜಿನ ದೊಡ್ಡ ಯಂತ್ರ. ಅದಕ್ಕ ಮನುಷ್ಯಾರ ಗುರ್ತು ಇಲ್ಲ, ನಂಬರಿನದಷ್ಟೇ ಗುರ್ತು.”

“ನಂಬರ ಯಾರು ಹಚ್ಚತಾರ? ಪಂಚಾಯ್ತಿಯವರೇನು?”

“ನಾವೇ ಹಚ್ಚೂದು. ಇಫ್‌ಕಾನ್ಫಿಗ್ ಅಂತ ಹೊಡೀಬೇಕು, ಕೇಬಲ್ ಹಚ್ಚೋ ಕಾರ್ಡಿನ ಹೆಸರು ಹೊಡೀಬೇಕು, ಮುಂದ ನಂಬರ. ಎಂಟರ್ ಒತ್ತಿದ್ರ ಆ ಮನಿಗಿ ಅದೇ ನಂಬರ. ಕಡೀಕ ‘ಡೌನ್’ ಅಂತ ಹೊಡದ್ರ ಆ ಮನಿ ಬಾಗಿಲಾ ಮುಚ್ಚತದ. ‘ಅಪ್’ ಅಂದ್ರ ತೆರೀತದ.”

“ಯಾರ ಬೇಕಾದ್ರ ಹೊಡೀಬಹುದು?”

“ಯಂತ್ರದ ದೊಡ್ಡ ಪಾಸ್‌ವರ್ಡ್ ಗೊತ್ತಿದ್ದವರು.”

ಹಣಮಂತರಾಯ ಗ್ಲಾಸನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. ಜಮಾದಾರಿಕೆಯ ಹಳೆಯ ಕಜ್ಜಿ ತುರಿಸತೊಡಗಿತ್ತು. “ಅಲ್ಲ ಬೇ, ಎರಡು ಮನಿಗಿ ಒಂದೇ ನಂಬರ ಹಚ್ಚಿದ್ರ?”

ನಜಮುನ್ನಿಸಾ ತಿರುಗಿ ನೋಡಿ ನಕ್ಕಳು. “ಅದನ್ನೇ ನೋಡಾಕ ಬಂದೇನಿ ಕಾಕಾ.”

“ಶಾಭಾಸ್!” ಎಂದು ಬಸವಂತರಾಯರು ತೊಡೆ ತಟ್ಟಿದರು. “ನೋಡಿದ್ರ್ಯಾ ಜಮಾದಾರ್ರೇ, ಎಂಥಾ ತಲಿ! ಎರಡು ಮನಿಗಿ ಒಂದೇ ನಂಬರ!”

ಆ ಮಾತು ಆಡಿದ್ದು ತಾವು. ಶಾಭಾಸು ಹೋದದ್ದು ಅತ್ತ. ಇಷ್ಟು ವಯಸ್ಸಾದ ಮೇಲೆ ಶಾಭಾಸಿಗಾಗಿ ಜಗಳ ತೆಗೆಯುವುದೆ?

ಆದರೆ ಹೊಟ್ಟೆಗೆ ವಯಸ್ಸಿನ ಲೆಕ್ಕ ಎಲ್ಲಿ ತಿಳಿಯುತ್ತದೆ.

ಬಸವಂತರಾಯರು ಗಾಣದ ಕಡೆ ಹೋಗಿಬರುತ್ತೇನೆಂದು ಎದ್ದರು. ಇವರಿಬ್ಬರೂ ಗೇಟಿನ ಕಡೆ ನಡೆದರು. ಹಿರೋಳ್ಳಿ ಕಡೆಯ ಗಾಡಿಗಳು ಸಾಲು ಹಿಡಿದು ನಿಂತಿದ್ದವು. ಎತ್ತುಗಳ ಕೊರಳ ಗಂಟೆ, ಕಬ್ಬಿನ ಸಿಪ್ಪೆ, ಕಾಕಂಬಿಯ ಹುಳಿ ವಾಸನೆ. ಒಬ್ಬ ಗಾಡಿಯವನು ನಜಮುನ್ನಿಸಾಗೆ, “ಇಂಜಿನಿಯರ್ ಬಾಯಾರು ಬಂದ್ರು, ದಾರಿ ಬಿಡ್ರಲೇ!” ಎಂದು ಕೂಗಿದ. ಹಣಮಂತರಾಯರೂ ಅದೇ ದಾರಿಯಲ್ಲಿ ಬಂದರು, ಕೂಗಿಲ್ಲದೆ.

ಕಾಂಟಾದ ಪುಟ್ಟ ಕೋಣೆಯಲ್ಲಿ ಮೌಲಾಲಿ ಕೈಕಟ್ಟಿ ನಿಂತಿದ್ದ. ಸಪೂರ ಆಳು, ಕೆನ್ನೆಯ ಮೇಲೆ ಎರಡು ದಿನದ ಗಡ್ಡ.

“ಸಾಹೇಬ್ರೇ,” ಎಂದ ಹಣಮಂತರಾಯರ ಕಡೆ ನೋಡಿ, “ನೀವು ದೊಡ್ಡವರು. ನೀವು ನನ್ನ ಹೆಸರು ಹೇಳಿದ ಮ್ಯಾಲ ನಾನೇ ನಿದ್ದಿಗಣ್ಣಾಗ ಏನರ ಮಾಡೇನೇನು ಅಂತ ಯೋಚನಿ ಮಾಡಾಕತ್ತೇನಿ.”

ಹಣಮಂತರಾಯರಿಗೆ ಇದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

“ಮೌಲಾಲಿ ಭಾಯಿ, ಜರಾ ಹೊತ್ತು ಚೀಟಿ ಕೈಲೇ ಬರೀರಿ,” ಎಂದು ನಜಮುನ್ನಿಸಾ ಅವನ ಯಂತ್ರದ ಮುಂದೆ ಬಾಗಿದಳು. ಟಕಟಕ ಹೊಡೆದಳು. ಇಫ್‌ಕಾನ್ಫಿಗ್. ಕಾರ್ಡಿನ ಹೆಸರು. ಡೌನ್. ಎಂಟರ್.

ಯಂತ್ರ ಏನೂ ಅನ್ನಲಿಲ್ಲ. ಪರದೆಯ ಮೇಲೆ ಒಂದು ಹಸಿರು ಗೆರೆ ಮಿಟುಕಿತು ಅಷ್ಟೇ.

“ಮುಗೀತೇನು?”

“ಬಾಗಿಲಾ ಮುಚ್ಚಿತು ಕಾಕಾ. ಈಗ ಈ ಯಂತ್ರ ಕರದ್ರೂ ಓ ಅನ್ನೂದಿಲ್ಲ. ನಡೀರಿ, ಅಲ್ಲಿಂದ ಕರದು ನೋಡೂಣು.”

ಕಂಪ್ಯೂಟರ್ ಕೋಣೆಗೆ ಮರಳಿ ಬಂದರು. ಸುಮಿತ್ರಾಬಾಯಿ ಉಳಿದ ಬಿಸ್ಕೀಟನ್ನು ತನ್ನ ಚಹಾದಲ್ಲಿ ಅದ್ದುತ್ತ ಕುಳಿತಿದ್ದಳು. ನಜಮುನ್ನಿಸಾ ಮೊದಲು ದೊಡ್ಡ ಯಂತ್ರದ ಹಳೆಯ ನೆನಪು ಅಳಿಸಿದಳು. ಆ ನಂಬರಿನ ಮನೆಯಲ್ಲಿ ಯಾರಿದ್ದರೆಂಬುದನ್ನು ಅದು ಮರೆಯಬೇಕು, ಹೊಸದಾಗಿ ಕೇಳಬೇಕು. ಆಮೇಲೆ ಪಿಂಗ್ ಎಂದು ಹೊಡೆದು ಕಾಂಟಾದ ನಂಬರು ಹೊಡೆದಳು.

“ಇದು ಕೂಗೂದು, ಕಾಕಾ. ಮನ್ಯಾಗ ಅದಿಯೇನೋ ತಮ್ಮಾ ಅಂತ.”

ಪರದೆ ಒಂದು ಗಳಿಗೆ ಖಾಲಿ. ಮರುಗಳಿಗೆ ಒಂದು ಸಾಲು ಮೂಡಿತು. ಅದರ ಕೆಳಗೆ ಇನ್ನೊಂದು. ಮತ್ತೊಂದು. ಸಾಲಿನ ಮೇಲೆ ಸಾಲು, ಒಂದೇ ತಾಳದಲ್ಲಿ, ಅದೀನಿ, ಅದೀನಿ, ಇಲ್ಲೇ ಅದೀನಿ ಎಂಬಂತೆ.

ಹಣಮಂತರಾಯ ಪರದೆಯ ಹತ್ತಿರಕ್ಕೆ ಬಗ್ಗಿದರು. ಬಾಗಿಲು ಮುಚ್ಚಿದ್ದನ್ನು ಅವರೇ ಕಣ್ಣಾರೆ ನೋಡಿದ್ದರು. ಹಾಗಾದರೆ ಓಗೊಡುತ್ತಿರುವುದು ಯಾರು?

“ಇನ್ನೊಂದು ಯಂತ್ರ ಅದ,” ಎಂದಳು ನಜಮುನ್ನಿಸಾ ಮೆಲ್ಲಗೆ. “ಕಾಂಟಾದ ನಂಬರ ಹಾಕ್ಕೊಂಡು ಇದೇ ಕೇಬಲ್ಲಿನ ಮ್ಯಾಲ ಎಲ್ಲೋ ಕುಂತದ. ಸುಳ್ಳು ತೂಕ ಕಳಿಸಿದ್ದು ಅದೇ. ಮೌಲಾಲಿ ಅಲ್ಲ.”

ಸುಮಿತ್ರಾಬಾಯಿಯ ಕೈಯಲ್ಲಿದ್ದ ಬಿಸ್ಕೀಟಿನ ಅರ್ಧ ಕರಗಿ ಚಹಾದೊಳಗೆ ಬಿತ್ತು. ಆಕೆ ಅದನ್ನು ನೋಡಲೂ ಇಲ್ಲ.

“ದೊಡ್ಡ ಪಾಸ್‌ವರ್ಡ್ ಯಾರ್ಯಾರಿಗೆ ಗೊತ್ತದ ಬೇ ಸುಮಿತ್ರಾ?” ಎಂದು ಹಣಮಂತರಾಯ ಕೇಳಿದರು.

“ನನಗ… ಮ್ಯಾನೇಜರ ಸಾಹೇಬ್ರಿಗಿ… ಮತ್ತ ಕಂಪನಿಯವರಿಗಿ,” ಎಂದಳು ಆಕೆ, ಕೊನೆಯ ಮಾತಿಗೆ ನಜಮುನ್ನಿಸಾಳ ಕಡೆ ಗಲ್ಲ ತೋರಿಸಿ.

“ನಾ ಮ್ಯಾನೇಜರ್ರನ್ನ ಕರಕೊಂಡು ಬರ್ತೇನಿ. ಅವರ ಕಣ್ಣಿಲೇ ನೋಡ್ಲಿ,” ಎಂದು ನಜಮುನ್ನಿಸಾ ಓಡಿದಳು. ಪರದೆಯ ಮೇಲಿನ ಕೂಗನ್ನು ನಿಲ್ಲಿಸಿಯೇ ಹೋದಳು. ಹೋಗುವಾಗ ಅವಳ ಮುಖದ ಮೇಲಿದ್ದ ಬೆಳಕು ಹಣಮಂತರಾಯರಿಗೆ ಗುರುತಿತ್ತು. ನರೋಣಾದ ಪಂಪು ಸಿಕ್ಕ ದಿನ ಕನ್ನಡಿಯಲ್ಲಿ ತಮ್ಮ ಮುಖವೂ ಹೀಗೇ ಇತ್ತು.

ಮೌಲಾಲಿ ನಿರಪರಾಧಿ. ಸಂತೋಷ ಪಡಬೇಕಾದ ಮಾತೇ. ಆದರೆ ಆ ಸಂತೋಷ ಎಷ್ಟು ಹುಡುಕಿದರೂ ಒಳಗೆ ಸಿಗಲೊಲ್ಲದು. ನಾಳೆ ಬಸ್ಸಿನಲ್ಲಿ ಕಂಡಕ್ಟರು ಏನಂದಾನು? ‘ಜಮಾದಾರ್ರು ಬಡವನ ಹೆಸರು ಹೇಳಿದ್ರಂತ, ಲಾಡ್ಲೆಸಾಬನ ಮಗಳು ಬಂದು ಬಿಡಿಸಿದಳಂತ.’

ಸುಳಿವು ಎಂಬುದು ಅವಳಿಗೊಬ್ಬಳಿಗೇ ಕಾಣುತ್ತದೆಯೆ? ಹಣಮಂತರಾಯ ಗೋಡೆಯ ತೂತಿನ ಕಡೆ ನೋಡಿದರು. ಕೇಬಲ್ಲು ಓಣಿಯಾದರೆ ಆ ಓಣಿಗೆ ಒಂದು ಕೊನೆ ಇರಲೇಬೇಕು.

ಹೊರಗೆ ಬಂದು ತಂತಿಯ ಬೆನ್ನು ಹತ್ತಿದರು. ಅದು ಬೀಗ ಹಾಕಿದ್ದ ಮ್ಯಾನೇಜರರ ಕೋಣೆಯೊಳಗೆ ಒಂದು ಕಡೆ ಹೊಕ್ಕು, ಇನ್ನೊಂದು ಕಡೆ ಹೊರಬಿದ್ದು, ಕೊನೆಗೆ ಹಳೆಯ ಸಾಮಾನಿನ ಕೋಣೆ ಸೇರಿತ್ತು. ಅಲ್ಲಿ ಯಂತ್ರವಿಲ್ಲ, ಮನುಷ್ಯರಿಲ್ಲ. ಮುರಿದ ಬೆಂಚು, ಹರಿದ ತಾಡಪತ್ರಿ. ಅಲಮಾರಿಯ ಹಿಂದೆ ತಂತಿಯ ಬಾಲ ಸುಮ್ಮನೆ ಮುಗಿದುಹೋಗಿತ್ತು. ಬಾಲದ ತುದಿಗೆ ಮಾತ್ರ ಹೆಬ್ಬೆರಳಿನ ಉಗುರಿನಷ್ಟು ಒಂದು ಬಿಳಿ ಲೋಹದ ಚೂರು.

ಯಾವುದಕ್ಕೂ ಜೋಡಿಸದ ತಂತಿಯ ತುದಿಗೆ ಇಷ್ಟು ಹೊಳೆಯುವ ಸಾಮಾನೇಕೆ? ಗುಟ್ಟಿನ ಉಪಕರಣವೇ ಇರಬೇಕು! ಒತ್ತಿ ತಿರುವಿದರು. ಕೈಗೇ ಬಂತು.

ಹುಡುಗಿಯನ್ನು ಕರೆಯಬೇಕು ಎಂದು ಒಂದು ಮನಸ್ಸು ಹೇಳಿತು. ಹಣಮಂತರಾಯ ಆ ಚೂರನ್ನು ಅಂಗಿಯ ಒಳಜೇಬಿಗೆ ಹಾಕಿಕೊಂಡು ಗುಂಡಿ ಹಚ್ಚಿದರು.

ಅವರು ಮರಳಿ ಬರುವಷ್ಟರಲ್ಲಿ ಕಂಪ್ಯೂಟರ್ ಕೋಣೆ ತುಂಬಿತ್ತು. ಬಸವಂತರಾಯರು ಬಂದಿದ್ದರು. ಅಫಜಲಪುರದ ಫೌಜದಾರರೂ ಬಂದು ಟೋಪಿ ತೆಗೆದು ಮೇಜಿನ ಮೇಲಿಟ್ಟಿದ್ದರು. ಬಾಗಿಲಲ್ಲಿ ಮೌಲಾಲಿ.

“ನೋಡ್ರಿ ಸಾಹೇಬ್ರೇ,” ಎಂದಳು ನಜಮುನ್ನಿಸಾ. “ಕಾಂಟಾದ ಯಂತ್ರ ನಾನೇ ಮುಚ್ಚಿ ಬಂದೇನಿ. ಆದ್ರೂ ಕರದ್ರ ಉತ್ತರ ಬರ್ತದ. ನೋಡ್ರಿ.”

ಎಂಟರ್ ಒತ್ತಿದಳು.

ಎಲ್ಲರೂ ಪರದೆ ನೋಡಿದರು. ಫ್ಯಾನು ತಿರುಗಿತು. ದೂರದ ಗಾಣ ಗರಗರ ಎಂದಿತು. ಪರದೆಯ ಮೇಲೆ ಒಂದು ಸಾಲೂ ಮೂಡಲಿಲ್ಲ.

ಆಕೆ ಮತ್ತೆ ಹೊಡೆದಳು. ಏನೂ ಇಲ್ಲ.

“ಬಾಯಾರೇ,” ಎಂದರು ಬಸವಂತರಾಯರು, ದನಿಯಲ್ಲಿ ಸಕ್ಕರೆ ಕಡಿಮೆಯಾಗಿತ್ತು, “ಕಾಂಟಾ ಮುಚ್ಚಿದ್ರಿ, ಉತ್ತರ ನಿಂತಿತು. ಅಂದ್ರ ಉತ್ತರ ಕೊಡೋದು ಆ ಕಾಂಟಾ ಒಂದೇ ಅಂತಾತಲ್ಲ? ಜಮಾದಾರ್ರು ಹೇಳಿದ್ದೇ ಖರೆ ಆತಲ್ಲ?”

“ಇಲ್ರಿ, ಈಗಷ್ಟೇ ಬಂದಿತ್ತು! ಸುಮಿತ್ರಾಬಾಯಿನೂ ನೋಡ್ಯಾರ. ಹೇಳ್ರಿ ಅಕ್ಕಾ.”

ಸುಮಿತ್ರಾಬಾಯಿ ಸೆರಗಿನ ತುದಿ ಸುತ್ತಿದಳು. “ಏನೋ ಸಾಲು ಬಂದಂಗಿತ್ರಿ. ನನಗೇನ ತಿಳೀತದ.”

“ಕಾಕಾ, ನೀವು ನೋಡಿದ್ರಲ್ಲ?”

ಎಲ್ಲರ ಕಣ್ಣೂ ಹಣಮಂತರಾಯರ ಮೇಲೆ. ಬೆಳಗಿನಿಂದ ಇದೇ ಮೊದಲ ಸಲ ಕೋಣೆಗೆ ಕೋಣೆಯೇ ಅವರ ಮಾತಿಗೆ ಕಾಯುತ್ತಿತ್ತು. ಎಷ್ಟು ಹಿತವಾಗಿತ್ತು ಆ ಕಾಯುವಿಕೆ!

“ನೋಡೇನಿ,” ಎಂದರು. “ಆದ್ರ ಯಂತ್ರದ ಮಾತು. ಈಗ ಇಲ್ಲ ಅಂದ್ರ ನಾ ಏನಂತ ಹೇಳ್ಲಿ.”

ನಜಮುನ್ನಿಸಾಳ ಕೆನ್ನೆ ಕೆಂಪಾಯಿತು. ಫೌಜದಾರರು ಟೋಪಿ ಹಾಕಿಕೊಂಡರು. “ನಡೀಯಪ್ಪಾ ಮೌಲಾಲಿ, ಠಾಣ್ಯಾಗ ಮಾತಾಡೂಣು.”

ಮೌಲಾಲಿ ನಡೆದ. ಹೊಸ್ತಿಲಲ್ಲಿ ಚಪ್ಪಲಿ ಹುಡುಕುವಾಗ ಅವನ ಕಾಲು ಒಂದೇ ಚಪ್ಪಲಿಗೆ ಎರಡು ಸಲ ಹೋಯಿತು.

ಹಣಮಂತರಾಯ ಆಫೀಸಿನ ಹಿಂದಿನ ಬೇವಿನ ಕಟ್ಟೆಗೆ ಬಂದು ಕುಳಿತರು. ಗೆದ್ದಿದ್ದರು. ಗೆದ್ದವರು ಹಿಂಬದಿಗೆ ಬಂದು ಕೂಡುವುದಿಲ್ಲ ಎಂಬುದೂ ಅವರಿಗೆ ಗೊತ್ತಿತ್ತು.

ನಜಮುನ್ನಿಸಾ ಹುಡುಕಿಕೊಂಡು ಬಂದಳು. ದುಪಟ್ಟಾ ಸೊಂಟಕ್ಕೆ ಬಿಗಿದಿದ್ದಳು.

“ಕಾಕಾ, ಕಬ್ಬಿನ ಆಫೀಸಿನ ಯಂತ್ರಾನೂ ಕೂಗಿ ನೋಡಿದೆ. ಅದೂ ಮಾತಾಡ್ಲಿಲ್ಲ. ಇಡೀ ಓಣಿನೇ ಸತ್ತದ. ಯಾರೋ ಕೇಬಲ್ ಕೆಡಿಸ್ಯಾರ.”

“ಯಾರು ಕೆಡಿಸಿರಬೇಕು?”

“ಕಳ್ಳನೇ. ನಾ ಉತ್ತರ ಹಿಡದದ್ದು ಅವನಿಗಿ ತಿಳದದ. ಕೇಬಲ್ ಕೆಡಿಸಿದವ ಸಿಕ್ಕ ಅಂದ್ರ ಕಳ್ಳ ಸಿಕ್ಕಂಗೇ.”

ಹಣಮಂತರಾಯರ ಕೈ ತಾನಾಗಿ ಅಂಗಿಯ ಗುಂಡಿಯ ಮೇಲೆ ಹೋಯಿತು. ಒಳಜೇಬಿನ ಚೂರು ಎದೆಗೆ ಒತ್ತತೊಡಗಿತು.

“ಕಾಕಾ,” ಎಂದಳು ಆಕೆ, ಎದುರಿಗೆ ನಿಂತು, “ನಾ ಮ್ಯಾನೇಜರ್ರನ್ನ ಕರಿಯಾಕ ಹೋದಾಗ ನೀವು ಎಲ್ಲಿ ಇದ್ರಿ?”

ಎಷ್ಟೋ ಮಂದಿಗೆ ಅವರು ಕೇಳಿದ ಪ್ರಶ್ನೆ. ಕೇಳಿಸಿಕೊಳ್ಳುವ ಕಡೆಗೆ ನಿಂತಾಗ ಅದು ಇಷ್ಟು ಚೂಪಾಗಿರುತ್ತದೆಂದು ಅವರಿಗೆ ತಿಳಿದಿರಲಿಲ್ಲ.

“ನನಗ ಕೇಳ್ತಿಯೇನ ಬೇ? ನಿನ್ನ ಎತ್ತಿ ಆಡಿಸಿದವಗ?”

“ಮೊದಲ ಮನೀ ಮಂದಿಗೇ ಕೇಳಬೇಕು ಅಂತ ಅಬ್ಬಾಗ ಹೇಳಿಕೊಟ್ಟವರು ನೀವೇ.”

ಮುಂಭಾಗದಲ್ಲಿ ಜೀಪು ಒಮ್ಮೆ ಕೆಮ್ಮಿತು, ಚಾಲೂ ಆಗಲಿಲ್ಲ. ಇನ್ನೊಮ್ಮೆ ಕೆಮ್ಮಿತು. ಹಣಮಂತರಾಯ ಗುಂಡಿ ಬಿಚ್ಚಿ, ಚೂರನ್ನು ತೆಗೆದು ಅಂಗೈ ಮೇಲಿಟ್ಟು ಚಾಚಿದರು.

ನಜಮುನ್ನಿಸಾ ಅದನ್ನು ನೋಡಿದಳು. ಅವರನ್ನು ನೋಡಿದಳು.

“ಇದು ಟೋಪಿ, ಕಾಕಾ! ಕೇಬಲ್ಲಿನ ತುದಿಗಿ ಹಾಕೋ ಟೋಪಿ! ಇದು ಇಲ್ಲಂದ್ರ ಹೋದ ಮಾತು ಗ್ವಾಡಿಗಿ ಬಡದಂಗ ತಿರುಗಿ ಬಂದು ಎಲ್ಲಾರ ಮಾತೂ ಕಲಸಿಬಿಡ್ತದ. ಒಬ್ಬರದೂ ಒಬ್ಬರಿಗಿ ಕೇಳೂದಿಲ್ಲ. ಯಾಕ ತಗದ್ರಿ?”

“ಸುಳಿವು ಅಂತ ತಿಳದೆ.”

“ಸುಳಿವು ಅಂತ ತಿಳದ್ರ ನನಗ್ಯಾಕ ಹೇಳ್ಲಿಲ್ಲ?”

“ಹೇಳಿದ್ರ ಅದು ನಿನ್ನ ಸುಳಿವು ಆಗ್ತಿತ್ತು.”

ಹೇಳಿ ತಲೆ ಬಗ್ಗಿಸಿದರು. ಬೈಗುಳಕ್ಕೆ ಕಾದರು. ಹುಡುಗಿ ಕಟ್ಟೆಯ ಮೇಲೆ ಅವರ ಪಕ್ಕಕ್ಕೇ ಕುಸಿದು ಕುಳಿತಳು.

“ನಮ್ಮ ಮನ್ಯಾಗ ಅಬ್ಬಾ ಊಟಕ್ಕ ಕುಂತ್ರ ನಿಮ್ಮದೇ ಕಥಿ. ಹಣಮಂತ ಅವನ್ನ ಹಿಡದ, ಹಣಮಂತ ಇವನ್ನ ಹಿಡದ. ನಾ ಇಂಜಿನಿಯರಿಂಗ್ ಪಾಸಾದ ದಿನಾನೂ ನಿಮ್ಮ ಪಂಪಿನ ಕಥಿನೇ ಹೇಳಿದ್ರು. ಒಂದಿನ ನನ್ನ ಕಥಿ ಆಗ್ಲಿ ಅಂತ ಫೋನ್ ಬಂದ ಕೂಡ್ಲೇ ಓಡಿ ಬಂದೇನಿ. ನೀವು ಇದೀರಿ ಅಂತ ಗೊತ್ತಿದ್ದೇ ಬಂದೇನಿ.”

ಹಣಮಂತರಾಯ ಅವಳತ್ತ ತಿರುಗಿದರು. ತಮ್ಮನ್ನು ಕಂಡು ಹೊಟ್ಟೆ ಉರಿದುಕೊಂಡ ಇನ್ನೊಂದು ಜೀವ! ಒಂದು ಕ್ಷಣ ಅದೂ ಒಂದು ಶಾಭಾಸಿನ ಹಾಗೆ ಕೇಳಿಸಿತು.

ಮೂರನೆಯ ಕೆಮ್ಮಿಗೆ ಜೀಪು ಚಾಲೂ ಆಯಿತು.

ಹಣಮಂತರಾಯ ಧೋತರ ಎತ್ತಿ ಹಿಡಿದು ಓಡಿದರು. ಮೊಣಕಾಲು ಏನಂದಿತೋ ಕೇಳಿಸಿಕೊಳ್ಳಲಿಲ್ಲ. ಜೀಪಿನ ಮುಂದೆ ಎರಡೂ ಕೈ ಚಾಚಿ ನಿಂತರು.

“ಇಳಸ್ರಿ ಅವನ್ನ! ತಪಾಸಣಿ ಮುಗದಿಲ್ಲ.”

“ನೀವೇ ಹೆಸರು ಕೊಟ್ಟವರು ಜಮಾದಾರ್ರೇ,” ಎಂದರು ಫೌಜದಾರರು.

“ಕೊಟ್ಟೇನಿ. ತಪ್ಪು ಕೊಟ್ಟೇನಿ. ಉತ್ತರ ಬರಲಾರದಂಗ ಕೇಬಲ್ ಕೆಡಿಸಿದವನೂ ನಾನೇ. ಬುದ್ಧಿ ಇಲ್ಲದ ಕೆಲಸ. ಬೇಕಂದ್ರ ಆ ಕೈಕೋಳ ನನಗ ಹಾಕ್ರಿ, ಮೊದಲ ಈ ಹುಡುಗಿ ಮಾತು ಕೇಳ್ರಿ.”

ಹಿರೋಳ್ಳಿಯ ಗಾಡಿಯವರು ಸಾಲು ಬಿಟ್ಟು ಬಂದು ಸುತ್ತ ನಿಂತಿದ್ದರು. ಒಬ್ಬ ಕಿಸಕ್ಕೆಂದ. ಈ ಕಿಸಕ್ ಆಳಂದ ಮುಟ್ಟಲು ಎಷ್ಟು ಹೊತ್ತು ಬೇಕು? ಹಣಮಂತರಾಯ ಅದನ್ನು ನುಂಗಿಕೊಂಡರು. ಕಹಿಯೇ ಇತ್ತು. ಮೌಲಾಲಿ ಜೀಪಿನಿಂದ ಇಳಿದ.

ಕೇಬಲ್ಲಿನ ಟೋಪಿಯನ್ನು ಮೊದಲು ಅದರ ಸ್ಥಳದಲ್ಲೇ ಹಾಕಿ ಬಂದರು. ಕಂಪ್ಯೂಟರ್ ಕೋಣೆಯಲ್ಲಿ ಮತ್ತೆ ಅದೇ ಮಂದಿ. ನಜಮುನ್ನಿಸಾ ಎಂಟರ್ ಒತ್ತಿದಳು.

ಸಾಲು ಮೂಡಿತು. ಅದರ ಕೆಳಗೆ ಇನ್ನೊಂದು.

ಮೌಲಾಲಿ ಬಾಯಿಗೆ ಕೈ ಅಡ್ಡ ಹಿಡಿದ. ಅವನ ಯಂತ್ರ ಮುಚ್ಚಿತ್ತು, ಅವನು ಇಲ್ಲೇ ನಿಂತಿದ್ದ, ಅವನ ಕಾಂಟಾದ ನಂಬರು ಮಾತ್ರ ಓ ಓ ಎನ್ನುತ್ತಲೇ ಇತ್ತು. ಫೌಜದಾರರು ತಮ್ಮ ತಲೆಯ ಟೋಪಿ ಮತ್ತೆ ತೆಗೆದರು.

“ಕಬ್ಬಿನ ಆಫೀಸಿನಾಗ ಇರಬೇಕ್ರಿ,” ಎಂದರು ಬಸವಂತರಾಯರು ಥಟ್ಟನೆ. “ಅಲ್ಲಿ ಹತ್ತು ಮಂದಿ ಓಡಾಡ್ತಾರ. ನಡೀರಿ ಅತ್ತ.”

“ತಡೀರಿ ಸಾಹೇಬ್ರೇ. ಹುಡುಕೂದಕ್ಕೂ ಒಂದು ಪದ್ಧತಿ ಅದ,” ಎಂದಳು ನಜಮುನ್ನಿಸಾ. “ಕಾಕಾ, ಟೋಪಿ ತುದಿಯಿಂದ ತಗೊಂಡು ಬರ್ರಿ. ಇಲ್ಲಿಂದ ಆಚೆ ಹೋಗೋ ತಂತಿ ಬಿಚ್ಚಿ, ಈ ಯಂತ್ರದ ಗಂಟಿಗೇ ಟೋಪಿ ಹಾಕ್ರಿ. ಓಣಿ ಇಲ್ಲಿಗೇ ಮುಗೀತದ. ಕಾಂಟಾ, ಕಬ್ಬಿನ ಆಫೀಸು, ಈ ಕೋಣಿ, ಇಷ್ಟೇ ಉಳೀತಾವ. ಆಗ ಉತ್ತರ ಬಂದ್ರ ಕಳ್ಳ ಈ ಕಡೀಗಿ ಇದಾನ. ನಿಂತ್ರ ಆ ಕಡೀಗಿ.”

ಅದನ್ನು ತಾವೇ ಯೋಚಿಸಬಹುದಿತ್ತಲ್ಲ ಎಂದು ಹಣಮಂತರಾಯರ ಹೊಟ್ಟೆ ಮತ್ತೊಮ್ಮೆ ಚುರುಕ್ಕೆಂದಿತು. ಅನ್ನಲಿ. ಕಾಲು ಮಾತ್ರ ಅವಳು ಹೇಳಿದ ಕಡೆ ನಡೆಯಿತು.

ಟೋಪಿ ತಂದರು. ಮೇಜಿನ ಹಿಂದೆ ಬಗ್ಗಿ, ಗೋಡೆಯ ತೂತಿಗೆ ಹೋಗುವ ತಂತಿಯನ್ನು ಬಿಚ್ಚಿದರು. ಟೋಪಿಯನ್ನು ಒತ್ತಿ ತಿರುವಿದರು. ಈಗ ಅದು ಹೇಗೆ ಕೂಡುತ್ತದೆಂದು ಕೈಗೆ ತಿಳಿದಿತ್ತು.

“ಕಬ್ಬಿನ ಆಫೀಸು ಕೂಗ್ತೇನಿ,” ಎಂದಳು. ಉತ್ತರ ಬಂತು. ಓಣಿ ಜೀವಂತ ಇತ್ತು. “ಈಗ ಕಾಂಟಾದ ನಂಬರ.”

ಎಂಟರ್.

ಪರದೆ ಖಾಲಿ. ಖಾಲಿಯಾಗಿಯೇ ಉಳಿಯಿತು.

ಹಣಮಂತರಾಯ ಮೇಜಿನ ಹಿಂದಿನಿಂದ ಎದ್ದು, ಕೈಯಲ್ಲಿದ್ದ ಬಿಚ್ಚಿದ ತಂತಿಯನ್ನು ನೋಡಿದರು. ಆ ಕಡೆ ಅದು ಹೋಗುವುದು ಎರಡೇ ಕೋಣೆಗೆ. ಹಳೆಯ ಸಾಮಾನಿನ ಕೋಣೆಯಲ್ಲಿ ಮುರಿದ ಬೆಂಚಿನ ಹೊರತು ಏನೂ ಇಲ್ಲ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು.

“ಸಾಹೇಬ್ರೇ,” ಎಂದರು ಮೆತ್ತಗೆ, “ನಿಮ್ಮ ಕೋಣಿ.”

ಬಸವಂತರಾಯರ ಮುಖದ ಬಣ್ಣ ಇಳಿಯಿತು. “ನನ್ನ ಕೋಣ್ಯಾಗ ಕಂಪ್ಯೂಟರೇ ಇಲ್ರಿ! ಆ ಕೇಬಲ್ ಸುಮ್ಮ ಹಾದು ಹೋಗೇದ. ನಾ ಬೆಳಿಗ್ಗಿಯಿಂದ ಬೀಗಾ ಹಾಕೇನಿ. ಇರೂ ಒಂದೇ ಕೀಲಿ ಇಲ್ಲೇ ನನ್ನ ಜೇಬಿನಾಗ ಅದ, ನೋಡ್ರಿ.”

“ಹಂಗಾರ ತೆಗದು ತೋರಿಸ್ರಿ.”

“ಜಮಾದಾರ್ರೇ, ನಿಮ್ಮನ್ನ ಕರಿಸಿದವನೇ ನಾನು!”

“ಅದಕ್ಕೇ ಕೇಳಾಕತ್ತೇನಿ. ಮತ್ತ ಒಂದು ಮಾತು, ಫೌಜದಾರ್ರೇ.” ಹಣಮಂತರಾಯ ಹುಡುಗಿಯ ಕಡೆ ಕೈ ತೋರಿಸಿದರು. “ಇದನ್ನ ಹಿಡದಾಕಿ ನಜಮುನ್ನಿಸಾ. ಯಾರು ಕೇಳಿದ್ರೂ ಹಂಗೇ ಹೇಳ್ರಿ.”

ಹೇಳಿದ್ದು ಖರೆ. ಹೇಳಿದ ಮೇಲೂ ಒಳಗಿನ ಉರಿ ಆರಿರಲಿಲ್ಲ, ಅದೂ ಖರೆ. ನಜಮುನ್ನಿಸಾ ಅವರ ಕೈಯಲ್ಲಿದ್ದ ತಂತಿಯನ್ನು ತೆಗೆದು ಮೇಜಿನ ಮೇಲಿಟ್ಟಳು.

ಎಲ್ಲರೂ ವರಾಂಡಾಕ್ಕೆ ಬಂದರು. ಮುಂದೆ ಬಸವಂತರಾಯರು, ಅವರ ಬೆನ್ನಿಗೇ ಫೌಜದಾರರು, ಹಣಮಂತರಾಯ, ನಜಮುನ್ನಿಸಾ. ಹಿಂದೆ ಮೌಲಾಲಿ, ಸೆರಗು ಬಾಯಿಗೆ ಹಿಡಿದ ಸುಮಿತ್ರಾಬಾಯಿ. ಹಣಮಂತರಾಯ ಒಮ್ಮೆ ತಿರುಗಿ ತಲೆ ಎಣಿಸಿಕೊಂಡರು. ಅವರು ಅನುಮಾನ ಪಟ್ಟವರೆಲ್ಲ ಇಲ್ಲೇ ಇದ್ದರು, ಒಬ್ಬರೂ ತಪ್ಪಿರಲಿಲ್ಲ.

“ಒಳಗ ಯಾರಿರ್ತಾರ್ರಿ,” ಎಂದು ಗೊಣಗುತ್ತ ಬಸವಂತರಾಯರು ಕೀಲಿ ತೆಗೆದರು. ಅದು ಬೀಗದ ಕಿಂಡಿಗೆ ಎರಡು ಸಲ ತಪ್ಪಿತು.

“ನಾ ತೆಗೀಲೇನ್ರಿ?” ಎಂದಳು ನಜಮುನ್ನಿಸಾ.

“ಬ್ಯಾಡ. ನಾನೇ ತೆಗೀತೇನಿ.”

ಕೀಲಿ ಕಿಂಡಿಯೊಳಗೆ ಹೋಯಿತು. ಅದು ತಿರುಗುವ ಮೊದಲೇ, ಬಾಗಿಲಿನ ಆ ಬದಿಯಿಂದ, ಯಾರೋ ಮೆಲ್ಲಗೆ ಚಿಲಕ ಹಾಕಿಕೊಂಡರು.